ಒಂಬತ್ತು ಕಿಲೋಮೀಟರಿನ ಚೌಕ, ಶೇ 20ರ ಊರು

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಸಮಿತಿ ಇಡೀ ಪಶ್ಚಿಮ ಘಟ್ಟದ ಮೇಲೆ ಬಲೆ ಹಾಸಿದಂತೆ ಗೆರೆ ಎಳೆಯಿತು. ಒಂದೊಂದು ಚೌಕವೂ ಸುಮಾರು 9 ಕಿ.ಮೀ. ಉದ್ದ, ಅಷ್ಟೇ ಅಗಲ. ಅಂಥ ಸುಮಾರು 2,200 ಚೌಕಗಳು. ಬೇರೆಲ್ಲೂ ಬೆಳೆಯದ ಗಿಡಗಳು ಅಲ್ಲಿ ಎಷ್ಟಿವೆ, ಅಳಿವಿನಂಚಿನ ಪ್ರಾಣಿಗಳು ಯಾವುವು, ನೆಲದ ಎತ್ತರವೇನು, ಇಳಿಜಾರೆಷ್ಟು, ಹೊಳೆಯಂಚಿನ ಕಾಡು ಉಳಿದಿದೆಯೇ ಎಂದೆಲ್ಲ ನೋಡಿ ಪ್ರತಿ ಚೌಕಕ್ಕೂ ಅಂಕ ಕೊಟ್ಟರು. ಆ ಅಂಕದ ಆಧಾರದ ಮೇಲೆ, ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯ ಮಾಡಿದರು. 2010ರ ಮಾರ್ಚ್‌ನಲ್ಲಿ ಶುರುವಾದ ಕೆಲಸದ ವರದಿ 2011ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಕೈ ಸೇರಿತು. ಜನರ ಕಣ್ಣಿಗೆ ಬಿದ್ದದ್ದು ಮಾತ್ರ 2012ರ ಮೇನಲ್ಲಿ, ಅದೂ ಮಾಹಿತಿ ಆಯೋಗ ಹೇಳಿ, ದೆಹಲಿ ಹೈಕೋರ್ಟ್ ಎತ್ತಿಹಿಡಿದ ಮೇಲೆ.

ವಿಜ್ಞಾನಿ ಬರೆದದ್ದು ಕಾನೂನಾಗುವ ಹೊತ್ತಿಗೆ ಏನೇನಾಗುತ್ತದೆ ಎಂಬುದೇ ನನ್ನ ಸಂಶೋಧನೆಯ ವಿಷಯ. ಅಡಿಕೆ ತೋಟದ ಮನೆಯಲ್ಲಿ ಬೆಳೆದವಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

2012ರಲ್ಲೇ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ತಂಡ ರಚನೆಯಾಯಿತು. ಅವರು ಬಾಹ್ಯಾಕಾಶ ವಿಜ್ಞಾನಿ. ಘಟ್ಟವನ್ನು ಉಪಗ್ರಹದ ಚಿತ್ರಗಳಲ್ಲಿ ನೋಡಿದರು. ತೋಟ, ಗದ್ದೆ, ಊರುಗಳನ್ನು ಒಂದು ಕಡೆ, ಸಹಜ ಕಾಡನ್ನು ಇನ್ನೊಂದು ಕಡೆ ಇಟ್ಟು, ಒಟ್ಟು ಪ್ರದೇಶದ ಸುಮಾರು ಶೇ 37ರಷ್ಟನ್ನು ಪರಿಸರ ಸೂಕ್ಷ್ಮ ಎಂದರು. ಗಾಡ್ಗೀಳರ ವಲಯಗಳ ವ್ಯಾಪ್ತಿ ಇದಕ್ಕಿಂತ ದೊಡ್ಡದಿತ್ತು. ಇವರ ಅಳತೆಗೋಲು ಚೌಕದ ಬದಲು ಹಳ್ಳಿ. ಹಳ್ಳಿಯ ನೆಲದಲ್ಲಿ ಶೇ 20 ಅಥವಾ ಹೆಚ್ಚು ಸೂಕ್ಷ್ಮವಾಗಿದ್ದರೆ ಇಡೀ ಹಳ್ಳಿಯೇ ಪಟ್ಟಿಗೆ.

ಈ ಶೇ 20 ಬಂದದ್ದು ಮರ ಎಣಿಸಿದ್ದರಿಂದಲ್ಲ. ಎಲ್ಲೋ ಒಂದು ಕಡೆ ಗೆರೆ ಹಾಕಲೇಬೇಕು, ಹಾಕಿದ್ದಾರೆ. ಅದನ್ನು ತಪ್ಪೆನ್ನಲಾರೆ. ಆದರೆ ಅಳತೆ ಎಲ್ಲಿ ಮುಗಿಯಿತು, ತೀರ್ಮಾನ ಎಲ್ಲಿ ಶುರುವಾಯಿತು ಎಂಬುದನ್ನು ಊರಿನವರಿಗೆ ಯಾರೂ ಬಿಡಿಸಿ ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪ ಅಡಿಕೆ ಹರವುತ್ತಾ ಕೇಳಿದರು, "ಕಸ್ತೂರಿರಂಗನ್ ಬಂದ್ರೆ ತೋಟಕ್ಕೆ ಔಷಧಿ ಹೊಡೆಯಂಗಿಲ್ವಂತೆ, ಮನೆ ಕಟ್ಟಂಗಿಲ್ವಂತೆ, ಹೌದೇನೇ?" ಕಸ್ತೂರಿರಂಗನ್ ವರದಿ ಆಧರಿಸಿ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯ ಪ್ರತಿ ಚೀಲದಲ್ಲೇ ಇತ್ತು. ತೆಗೆದು ಜಗಲಿಯಲ್ಲಿ ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಗಣಿ, ಕಲ್ಲುಕೋರೆ, ಮರಳು ತೆಗೆಯುವುದು ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೈಗಾರಿಕೆ ಬೇಡ. ಕಟ್ಟಡವಾದರೆ 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡದಕ್ಕೆ ತಡೆ, ಅಂದರೆ ಹೆಚ್ಚುಕಡಿಮೆ ಐದು ಎಕರೆಯಷ್ಟು ಕಟ್ಟಡ. ಚಿಕ್ಕಪ್ಪ ಹರವುವುದನ್ನು ನಿಲ್ಲಿಸಿ, "ಐದೆಕರೆ ಮನೆ ಯಾರು ಕಟ್ತಾರೆ?" ಎಂದರು. ಔಷಧಿಯ ಮಾತೂ ಇದರಲ್ಲಿಲ್ಲ. ರಾಸಾಯನಿಕ ಕೀಟನಾಶಕವನ್ನು ಹಂತಹಂತವಾಗಿ ಬಿಡಬೇಕೆಂಬ ಸಲಹೆ ಗಾಡ್ಗೀಳ್ ವರದಿಯದು. ಎರಡು ವರದಿ ಸೇರಿ ಊರಿನಲ್ಲಿ ಒಂದೇ ಗುಮ್ಮನಾಗಿದೆ.

ಗಾಡ್ಗೀಳ್ ವರದಿಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ವಲಯಗಳ ನಕ್ಷೆಗಿಂತಲೂ, ಅದು ಗ್ರಾಮಸಭೆಗಳ ಮುಂದೆ ಬರಲಿ, ಅಲ್ಲಿ ತಿದ್ದುಪಡಿಯಾಗಲಿ ಎಂಬ ಮಾತು. ಅದರ ಬೇರು ನಮ್ಮ ಉತ್ತರ ಕನ್ನಡದ ಬಿದಿರು ಮೆಳೆಗಳಲ್ಲಿದೆ. 1970ರ ದಶಕದಲ್ಲಿ ಬಿದಿರು ಏಕೆ ಕ್ಷೀಣಿಸುತ್ತಿದೆ ಎಂದು ನೋಡಲು ಕರ್ನಾಟಕ ಸರ್ಕಾರ ಗಾಡ್ಗೀಳರನ್ನು ಕೇಳಿತ್ತು. ಮೆಳೆ ಚೆನ್ನಾಗಿ ಬರಲೆಂದು ಬುಡದ ಮುಳ್ಳು ಸವರುವುದು ಆಗಿನ ಅರಣ್ಯ ಇಲಾಖೆಯ ಪದ್ಧತಿ. ಊರಿನವರು ಮಾತ್ರ, ಮುಳ್ಳು ತೆಗೆದರೆ ಕಳಲೆಯನ್ನು ದನ ತಿನ್ನುತ್ತವೆ, ಬಿದಿರು ಎದ್ದೇಳುವುದಿಲ್ಲ ಎಂದರು. ಅಧ್ಯಯನ ಮಾಡಿ ನೋಡಿದಾಗ ಊರಿನವರ ಮಾತೇ ನಿಜವಾಯಿತು. ಕಾಡಿನ ಲೆಕ್ಕ ಕಾಡಿನವರಿಗೆ ಗೊತ್ತು ಎಂಬ ಗಾಡ್ಗೀಳರ ನಂಬಿಕೆಗೆ ಇಂಥ ಸಾಕ್ಷಿಗಳಿದ್ದವು.

ಗ್ರಾಮಸಭೆಯ ಆ ಮಾತೇ ಮುಂದಿನ ದಾರಿಯಲ್ಲಿ ಕಳೆದುಹೋಯಿತು. 2014ರ ಮಾರ್ಚ್‌ನಿಂದ ಕರಡು ಅಧಿಸೂಚನೆ ಆರು ಸಲ ಹೊರಬಿದ್ದಿದೆ. ಆರನೆಯದು ಬಂದದ್ದು 2024ರ ಜುಲೈ 31ರಂದು. ಹಿಂದಿನ ದಿನ ಬೆಳಗಿನ ಜಾವವೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಗುಡ್ಡದ ಮಣ್ಣಿನಡಿ ಹೂತುಹೋಗಿದ್ದವು. ಅದಕ್ಕೆ ಎರಡು ವಾರ ಮೊದಲು ನಮ್ಮ ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತ್ತು. ಕರಡಿನ ಸೂಕ್ಷ್ಮ ಪ್ರದೇಶದಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ರಾಜ್ಯ ಸಚಿವ ಸಂಪುಟ ಅದೇ ಸೆಪ್ಟೆಂಬರಿನಲ್ಲಿ ಅದನ್ನು ತಿರಸ್ಕರಿಸಿತು.

ಕೇರಳ ಹಿಂದೆಯೇ ಊರೂರು ಸುತ್ತಿ ಪರಿಶೀಲಿಸಿ, ತನ್ನ ಪಾಲನ್ನು 13,108ರಿಂದ 9,993.7 ಚದರ ಕಿ.ಮೀ.ಗೆ ಇಳಿಸಿಕೊಂಡಿತು. ಅಷ್ಟು ಇಳಿಸಿದ್ದು ಸರಿಯೇ ಎಂಬ ಬಗ್ಗೆ ನನಗೆ ತಕರಾರಿದೆ. ಆದರೆ ನೆಲಕ್ಕಿಳಿದು ನೋಡಿದ್ದು ಸರಿ. ಬೇಡ ಎಂದಷ್ಟೇ ಹೇಳಿ ಕೂತರೆ ಜಾರುವ ಗುಡ್ಡ ಕಾಯುವುದಿಲ್ಲ.

ಚಿಕ್ಕಪ್ಪ ಕೊನೆಗೆ ಕೇಳಿದ್ದು, "ಆ ಇಪ್ಪತ್ತು ಪರ್ಸೆಂಟು ನಮ್ಮೂರಲ್ಲಿ ಯಾವ ಸರ್ವೆ ನಂಬರು?" ಎಂದು. ಅಧಿಸೂಚನೆಯಲ್ಲಿರುವುದು ಹಳ್ಳಿಯ ಹೆಸರು ಮಾತ್ರ. ಪಂಚಾಯ್ತಿಯ ಗೋಡೆಗೆ ಸರ್ವೆ ನಂಬರು ಸಹಿತ ನಕ್ಷೆ ಅಂಟಿಸಿ, ಆಕ್ಷೇಪ ಬರೆಸಿಕೊಂಡು, ಇಳಿಜಾರನ್ನು ಊರಿನವರ ಜೊತೆಗೇ ಮತ್ತೊಮ್ಮೆ ಅಳೆಯಬೇಕು. ಆ ಕೆಲಸ ಇನ್ನೂ ಆಗಬೇಕಿದೆ.