ಹಸುವಿನ ಎದೆಯೊಳಗೆ ತಂತಿ

ಪ್ರಶ್ನೆ: ನಾಯಿ, ಬೆಕ್ಕುಗಳಿಗೆ ಮಾಡುವ ಹೃದಯ ಪರೀಕ್ಷೆ ಹಸುಗಳಿಗೂ ಉಂಟೆ?

ಉತ್ತರ: ಉಂಟು. ತೇನಿ ಜಿಲ್ಲೆಯ ಕಂಬಂ ಪಟ್ಟಣದಲ್ಲಿ, ಕನ್ನಡ ಮನೆಮಾತಿನ ಕಪ್ಪಿಲಿಯರು ನಂದಗೋಪಾಲಸ್ವಾಮಿಯ ತೊಳುವಿನಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ, ಸಾಕುವ ತಂಬಿರಾನ್ (ದೇವರ) ದನಗಳಿಗೆ ಮಾಟ್ಟು ಪೊಂಗಲ್ ದಿನ ಪೂಜೆ ಸಲ್ಲುತ್ತದೆ. ದನಗಳನ್ನು ಇಷ್ಟು ಗೌರವಿಸುವ ಕಂಬಂ ಕಣಿವೆಯಲ್ಲಿ ಈ ಪ್ರಶ್ನೆ ಸಹಜವಾದುದು, ಮಹತ್ತ್ವದ್ದೂ ಹೌದು.

ಹಸುವಿನ ಹೃದಯಕ್ಕೆ ಅಪಾಯ ಹೊಟ್ಟೆಯಿಂದಲೂ ಬರಬಹುದು. ಹಸು ಮೇವನ್ನು ಸರಿಯಾಗಿ ಅಗಿಯದೆ ನುಂಗುವುದರಿಂದ ಅದರೊಡನೆ ಹೋದ ತಂತಿ ಅಥವಾ ಮೊಳೆ ಜೇನುಗೂಡಿನಂಥ ಒಳಮೈಯುಳ್ಳ ಎರಡನೆಯ ಹೊಟ್ಟೆಯಲ್ಲಿ ತಂಗುತ್ತದೆ. ಈ ಹೊಟ್ಟೆಗೂ ಹೃದಯಕ್ಕೂ ನಡುವೆ ವಪೆ, ಅಂದರೆ ಎದೆಯನ್ನೂ ಉದರವನ್ನೂ ಬೇರ್ಪಡಿಸುವ ತೆಳುವಾದ ಸ್ನಾಯುಪದರ, ಮಾತ್ರವೇ ಇರುವುದರಿಂದ, ತಂತಿ ಅದನ್ನು ಚುಚ್ಚಿಕೊಂಡು ಮುಂದೆ ಸರಿದು ಹೃದಯದ ಹೊರಚೀಲವನ್ನು ತಲುಪಿದರೆ ಅಲ್ಲಿ ಕೀವು ತುಂಬುತ್ತದೆ. ಆಗ ಕತ್ತಿನ ರಕ್ತನಾಳ ಉಬ್ಬುತ್ತದೆ, ಗಂಗೆದೊಗಲು ಊದಿಕೊಳ್ಳುತ್ತದೆ, ಸ್ಟೆತಾಸ್ಕೋಪಿನಲ್ಲಿ ನೀರು ಕುಲುಕಿದಂಥ ಸದ್ದು ಕೇಳಿಸಬಹುದು.

ಎಕ್ಸ್‌ರೇ ತಂತಿಯನ್ನೇ ತೋರಿಸಬಲ್ಲದು. ಆದರೆ ಹಸುವಿನ ದೇಹ ದಪ್ಪವಾದುದರಿಂದ ಅದಕ್ಕೆ ಶಕ್ತಿಶಾಲಿ ಯಂತ್ರ ಬೇಕು. ಕಿವಿಗೆ ಕೇಳಿಸದ ಧ್ವನಿತರಂಗಗಳ ಮರುದನಿಯಿಂದ ಚಿತ್ರ ಮೂಡಿಸುವ ಅಲ್ಟ್ರಾಸೌಂಡ್, ಪಕ್ಕೆಲುಬುಗಳ ನಡುವಿನಿಂದ ನೋಡಿ, ಚೀಲದಲ್ಲಿ ತುಂಬಿದ ದ್ರವವನ್ನು ತೋರಿಸುತ್ತದೆ. ಲೋಹಕ್ಕಿಂತ ಹಾನಿಯನ್ನು ಅಳೆಯುವ ಈ ಪರೀಕ್ಷೆಯೇ ಇಲ್ಲಿ ಹೆಚ್ಚು ಉಪಯುಕ್ತ. ಇ.ಸಿ.ಜಿ. ಹೃದಯದ ಲಯದೋಷವನ್ನು ಹೇಳುತ್ತದೆಯಾದರೂ, ದನಗಳಲ್ಲಿ ವಿದ್ಯುತ್ ಸಂಕೇತ ಒಯ್ಯುವ ತಂತುಗಳು ಹೃದಯಭಿತ್ತಿಯ ಆಳಕ್ಕೆ ಹರಡಿರುವುದರಿಂದ, ಮನುಷ್ಯರಲ್ಲಿಯಂತೆ ಹೃದಯದ ಗಾತ್ರವನ್ನು ಅದರಿಂದ ಊಹಿಸಲಾಗದು.

ಕೀವು ತುಂಬಿದ ಮೇಲೆ ಹಸು ಬದುಕುವುದು ಅಪರೂಪ. ಆದ್ದರಿಂದ ಹಸು ಮೇವು ಬಿಟ್ಟು, ಬೆನ್ನು ಬಾಗಿಸಿ, ಇಳಿಜಾರಿನಲ್ಲಿ ನಡೆಯಲು ಹಿಂಜರಿದ ಮೊದಲ ದಿನವೇ ಅದನ್ನು ಪಶುವೈದ್ಯರಿಗೆ ತೋರಿಸಬೇಕು. ಆ ಹಂತದಲ್ಲಿ ಹೊಟ್ಟೆಗೆ ಇಳಿಸಿದ ಅಯಸ್ಕಾಂತ ಕಬ್ಬಿಣದ ತಂತಿಯನ್ನು ಹಿಡಿದಿಡಬಲ್ಲದು.