ರಾಜ್ಯಸಭೆಯ ಆ ಒಂದು ದಿನ ಮತ್ತು ನಮ್ಮ ವಕ್ಫ್



ಅಲ್ಲಾಹನನ್ನು ಭಯಪಟ್ಟು ಜೀವಿಸಿರಿ ಎಂದು ಮೊದಲು ನಮಗೂ ಬಳಿಕ ನಿಮಗೂ ಉಪದೇಶಿಸುತ್ತೇವೆ.

2025ರ ಎಪ್ರಿಲ್ 3, ಗುರುವಾರ. ಈದುಲ್ ಫಿತ್ರ್ ಕಳೆದು ಮೂರೇ ದಿನವಾಗಿತ್ತು. ಅಂದು ಬೆಳಿಗ್ಗೆ 11 ಗಂಟೆಗೆ ದೆಹಲಿಯಲ್ಲಿ ಸೇರಿದ ರಾಜ್ಯಸಭೆ ಎದ್ದದ್ದು ಮರುದಿನ ಮುಂಜಾನೆ 4 ಗಂಟೆ 2 ನಿಮಿಷಕ್ಕೆ. ಆ ಸದನ ಹುಟ್ಟಿದಂದಿನಿಂದ ಅಷ್ಟು ದೀರ್ಘವಾಗಿ ಒಂದೇ ಕಲಾಪ ನಡೆದದ್ದಿಲ್ಲ. ನಮ್ಮಲ್ಲಿ ಸುಬಹಿ ಬಾಂಗಿಗೆ ಇನ್ನೂ ಸುಮಾರು ಒಂದು ಗಂಟೆ ಇತ್ತು. ಶವ್ವಾಲಿನ ಆರು ಉಪವಾಸ ಹಿಡಿಯುವವರು ಸಹರಿಗೆ ಎದ್ದಾಗ ಮೊಬೈಲಿನಲ್ಲಿ ಕಂಡದ್ದು ಎರಡು ಅಂಕೆಗಳು: ಪರ 128, ವಿರೋಧ 95. ವಕ್ಫ್ ತಿದ್ದುಪಡಿ ಮಸೂದೆ ಮೇಲ್ಮನೆಯಲ್ಲೂ ಅಂಗೀಕಾರವಾಗಿತ್ತು. ಹಿಂದಿನ ರಾತ್ರಿ ಲೋಕಸಭೆಯಲ್ಲಿ 288-232 ಆಗಿತ್ತು.

ಅಂದು ಜುಮುಅ ದಿನ. ಆ ದಿನವೂ ಆಮೇಲೆಯೂ ಜನರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಉಸ್ತಾದರೇ, ಹಾಗಾದರೆ ನಮ್ಮ ಪಳ್ಳಿಯ ಜಾಗ ಹೋಯಿತಾ?" ಮೈಕಿನಲ್ಲಿ ಗುಡುಗಿದವರ ಭಾಷಣಗಳನ್ನು ಎಲ್ಲರೂ ಕೇಳಿದ್ದರು. ಆದರೆ ಮಸೂದೆಯಲ್ಲಿ ಏನಿದೆ, ಆ ಸದನದಲ್ಲಿ ಒಂದು ದಿನದಲ್ಲಿ ಏನು ನಡೆಯುತ್ತದೆ ಎಂದು ತಿಳಿದವರು ಕಡಿಮೆ. ಆದ್ದರಿಂದ ಈ ಸಲದ ಖುತುಬಾದ ಸಾರಾಂಶವನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ರಾಜ್ಯಸಭೆಗೆ ನಾವು ನೇರವಾಗಿ ಮತ ಹಾಕುವುದಿಲ್ಲ. ಅಲ್ಲಿ ಈಗ 245 ಸ್ಥಾನಗಳಿವೆ. 233 ಮಂದಿಯನ್ನು ಆರಿಸಲಾಗುತ್ತದೆ, 12 ಮಂದಿಯನ್ನು ರಾಷ್ಟ್ರಪತಿಗಳು ನಾಮಕರಣ ಮಾಡುತ್ತಾರೆ. ಕರ್ನಾಟಕದ ಪಾಲು 12. ಅವರನ್ನು ಆರಿಸುವವರು ನಮ್ಮ ಶಾಸಕರು. ಅಂದರೆ ವಿಧಾನಸಭಾ ಚುನಾವಣೆಯ ದಿನ ಬೂತಿನಲ್ಲಿ ನಾವು ಒತ್ತಿದ ಬಟನಿನ ಫಲ ಬೆಂಗಳೂರಿಗೆ ಹೋಗಿ ಅಲ್ಲಿಂದ ದೆಹಲಿಯ ಮೇಲ್ಮನೆಗೂ ಮುಟ್ಟುತ್ತದೆ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತರಾಗುತ್ತಾರೆ, ಹಾಗಾಗಿ ಆ ಸದನ ಲೋಕಸಭೆಯಂತೆ ಒಮ್ಮೆಲೇ ವಿಸರ್ಜನೆಯಾಗುವುದಿಲ್ಲ. ದೂರದ ಸಂಗತಿ ಎಂದುಕೊಳ್ಳಬೇಡಿ. ನಮ್ಮ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 2022ರ ಜುಲೈಯಲ್ಲಿ ನಾಮಕರಣಗೊಂಡದ್ದು ಇದೇ ಸದನಕ್ಕೆ.

ಅಲ್ಲಿನ ದಿನ ಸಾಮಾನ್ಯವಾಗಿ 11 ಗಂಟೆಗೆ ಶುರುವಾಗುತ್ತದೆ. ಇಲಾಖೆಗಳ ವರದಿಗಳನ್ನು ಮೇಜಿನ ಮೇಲೆ ಇಡುತ್ತಾರೆ. ಬಳಿಕ ಶೂನ್ಯವೇಳೆ. ಸದಸ್ಯರು ತಮ್ಮ ಊರಿನ ತುರ್ತು ವಿಷಯ ಎತ್ತುತ್ತಾರೆ. 12 ಗಂಟೆಗೆ ಪ್ರಶ್ನೋತ್ತರ. ಮಧ್ಯಾಹ್ನದ ಬಳಿಕ ಮಸೂದೆಗಳು. ಎಪ್ರಿಲ್ 3ರಂದು ಮಧ್ಯಾಹ್ನದ ಹೊತ್ತಿಗೆ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವ ಕಿರಣ್ ರಿಜಿಜು ವಕ್ಫ್ ಮಸೂದೆಯನ್ನು ಮಂಡಿಸಿದರು. ಅದರ ಜೊತೆಗೇ 1923ರ ಮುಸಲ್ಮಾನ್ ವಕ್ಫ್ ಕಾಯ್ದೆಯನ್ನು ರದ್ದುಪಡಿಸುವ ಇನ್ನೊಂದು ಸಣ್ಣ ಮಸೂದೆಯೂ ಇತ್ತು. ವಕ್ಫಿನ ಮತದಾನ ಮುಗಿಯುವಾಗ ರಾತ್ರಿ ಎರಡು ಗಂಟೆ ದಾಟಿತ್ತು. ಅದಾದ ಮೇಲೆ ಮಣಿಪುರದ ರಾಷ್ಟ್ರಪತಿ ಆಳ್ವಿಕೆಯ ನಿರ್ಣಯವನ್ನು ಎತ್ತಿಕೊಂಡರು. ಒಂದು ರಾಜ್ಯದ ಅಷ್ಟು ದೊಡ್ಡ ಸಂಕಟ ಚರ್ಚೆಗೆ ಬಂದದ್ದು ದೇಶವೆಲ್ಲ ಮಲಗಿದ್ದ ಹೊತ್ತಿನಲ್ಲಿ. ಇದು ನಮಗೆ ಅಂದೂ ಸರಿ ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ಚರ್ಚೆಯಲ್ಲಿ ಕರ್ನಾಟಕದ ಧ್ವನಿಗಳು ಬೇರೆ ಬೇರೆಯಾಗಿದ್ದವು. ಕಾಂಗ್ರೆಸ್ ಪರವಾಗಿ ಚರ್ಚೆ ಆರಂಭಿಸಿದವರು ಕರ್ನಾಟಕದಿಂದ ಆಯ್ಕೆಯಾದ ಡಾ. ಸೈಯದ್ ನಾಸಿರ್ ಹುಸೇನ್. ಮಸೂದೆಯನ್ನು ಪರಿಶೀಲಿಸಿದ ಜಂಟಿ ಸಂಸದೀಯ ಸಮಿತಿಯಲ್ಲೂ ಅವರಿದ್ದರು. ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ ವಿರೋಧಿಸಿದರು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಬೆಂಬಲಿಸಿದರು. ಒಡಿಶಾದ ಬಿಜು ಜನತಾದಳ ತನ್ನ ಸದಸ್ಯರಿಗೆ ವಿಪ್ ಕೊಡದೆ ಅವರವರ ಮನಸ್ಸಾಕ್ಷಿಗೆ ಬಿಟ್ಟಿತು. ಸದನಕ್ಕೆ ಹೋಗುವವನಿಗೆ ಮನಸ್ಸಾಕ್ಷಿಯಂತೆ ಮತ ಹಾಕಲು ಪ್ರತ್ಯೇಕ ಅನುಮತಿ ಬೇಕಾಗುತ್ತದೆ ಎಂಬುದೇ ಯೋಚಿಸಬೇಕಾದ ಮಾತು.

ಭಾಷಣಗಳು ಮುಗಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಮಸೂದೆಯ ಒಂದೊಂದು ಖಂಡವನ್ನೂ ಸಭಾಪತಿ ಸದನದ ಮುಂದಿಡುತ್ತಾರೆ. ವಿರೋಧ ಪಕ್ಷದವರು ಕೊಟ್ಟ ತಿದ್ದುಪಡಿಗಳನ್ನು ಒಂದೊಂದಾಗಿ ಕರೆಯುತ್ತಾರೆ. ಮೊದಲು ಧ್ವನಿಮತ, ಅಂದರೆ ಹೌದು ಎನ್ನುವವರ ದನಿ ಜೋರೋ ಇಲ್ಲ ಎನ್ನುವವರದ್ದೋ ಎಂದು ನೋಡುವುದು. ಒಪ್ಪದವರು ಎಣಿಕೆ ಕೇಳಬಹುದು. ಆಗ ಗಂಟೆ ಬಾರಿಸಿ, ಬಾಗಿಲು ಮುಚ್ಚಿ, ಸದಸ್ಯರು ತಮ್ಮ ಆಸನದ ಬಟನ್ ಒತ್ತುತ್ತಾರೆ. ಅಂದು ವಿರೋಧ ಪಕ್ಷಗಳ ತಿದ್ದುಪಡಿಗಳೆಲ್ಲ ಬಿದ್ದುಹೋದವು. ಮೇಲ್ಮನೆ ಒಂದು ಪದವನ್ನು ಬದಲಾಯಿಸಿದ್ದರೂ ಮಸೂದೆ ಲೋಕಸಭೆಗೆ ಮರಳಬೇಕಿತ್ತು. ಬದಲಾಗಲಿಲ್ಲ. ಎಪ್ರಿಲ್ 5ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, 8ರಿಂದ ಕಾನೂನು ಜಾರಿಗೆ ಬಂತು.

ಇದೇ ಸದನ ಇನ್ನೊಂದು ರೀತಿಯಲ್ಲಿ ನಡೆದುಕೊಂಡದ್ದೂ ಉಂಟು. 2010ರಲ್ಲಿ ಲೋಕಸಭೆ ವಕ್ಫ್ ತಿದ್ದುಪಡಿಯೊಂದನ್ನು ಅಂಗೀಕರಿಸಿ ಕಳಿಸಿದಾಗ ರಾಜ್ಯಸಭೆ ಅದನ್ನು ಹಾಗೇ ಒಪ್ಪದೆ ಸೈಫುದ್ದೀನ್ ಸೋಝ್ ಅಧ್ಯಕ್ಷತೆಯ ಆಯ್ಕೆ ಸಮಿತಿಗೆ ಒಪ್ಪಿಸಿತು. ಆ ತಿದ್ದುಪಡಿ ಕಾನೂನಾದದ್ದು 2013ರಲ್ಲಿ. ಆಗ ಇಲಾಖೆಯ ಸಚಿವರಾಗಿದ್ದವರು ಕರ್ನಾಟಕದವರೇ ಆದ ಕೆ. ರಹ್ಮಾನ್ ಖಾನ್; ಅದಕ್ಕೂ ಮೊದಲು ರಾಜ್ಯಸಭೆಯ ಉಪಸಭಾಪತಿಯಾಗಿದ್ದವರು. ಮೂರು ವರ್ಷದ ಆ ನಿಧಾನವನ್ನು ಅಂದು ಹಲವರು ದೂರಿದ್ದರು. ಎರಡನೇ ಮನೆ ಇರುವುದೇ ಮೊದಲ ಮನೆಯ ಕೆಲಸವನ್ನು ತಣ್ಣಗೆ ಮತ್ತೊಮ್ಮೆ ನೋಡುವುದಕ್ಕೆ ಎಂಬುದು ನಮ್ಮ ಅಭಿಪ್ರಾಯ. ಸಬಾದ ರಾಣಿ ಸುಲೈಮಾನ್(ಅ)ರ ಪತ್ರ ಕೈಗೆ ಬಂದಾಗ ಮೊದಲು ತನ್ನ ಮುಖಂಡರನ್ನು ಕರೆದು ಅಭಿಪ್ರಾಯ ಕೇಳಿದಳು. ಸೂರಃ ಅನ್ನಮ್ಲ್‌ನಲ್ಲಿ ಇದಿದೆ. ಯುದ್ಧಕ್ಕೆ ಸಿದ್ಧ ಎಂದು ಅವರೆಲ್ಲ ಎದ್ದು ನಿಂತರೂ ಆಕೆ ಅವಸರಪಡಲಿಲ್ಲ.

2025ರ ಮಸೂದೆಯನ್ನು ಪರಿಶೀಲಿಸಿಯೇ ಇಲ್ಲ ಎನ್ನುವಂತಿಲ್ಲ. 2024ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡನೆಯಾದಾಗ ಅದನ್ನು ಜಗದಂಬಿಕಾ ಪಾಲ್ ಅಧ್ಯಕ್ಷತೆಯ 31 ಸದಸ್ಯರ ಜಂಟಿ ಸಮಿತಿಗೆ ಒಪ್ಪಿಸಿದರು. ಅದರಲ್ಲಿ 10 ಮಂದಿ ರಾಜ್ಯಸಭೆಯವರು. ವಿರೋಧ ಪಕ್ಷದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು. ಆ ಸಮಿತಿಯ ಹಂತದಲ್ಲಿ ಸೇರಿದ ಒಂದು ವಾಕ್ಯ, ನಮ್ಮ ಪಾಲಿಗೆ, ಆ ರಾತ್ರಿಯ ಎಲ್ಲ ಭಾಷಣಗಳಿಗಿಂತ ಮುಖ್ಯವಾದದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1995ರ ಕಾಯ್ದೆಯಲ್ಲಿ "ಬಳಕೆಯಿಂದಾದ ವಕ್ಫ್" ಎಂಬುದಿತ್ತು. ತಲೆಮಾರುಗಳಿಂದ ಒಂದು ಜಾಗದಲ್ಲಿ ನಮಾಝ್ ನಡೆಯುತ್ತಿದ್ದರೆ, ಮಯ್ಯಿತ್ ದಫನ ಮಾಡುತ್ತಿದ್ದರೆ, ದಾನಪತ್ರ ಇಲ್ಲದಿದ್ದರೂ ಆ ಬಳಕೆಯೇ ವಕ್ಫಿಗೆ ಆಧಾರವಾಗುತ್ತಿತ್ತು. ಹೊಸ ಕಾನೂನು ಇದನ್ನು ತೆಗೆದಿದೆ. ಇನ್ನು ಮುಂದೆ ಲಿಖಿತ ವಕ್ಫ್ ಪತ್ರ ಇಲ್ಲದೆ ಹೊಸ ವಕ್ಫ್ ಆಗುವುದಿಲ್ಲ. ಹಳೆಯದ್ದರ ಗತಿ ಏನು? ಸಮಿತಿಯ ಶಿಫಾರಸಿನಿಂದ ಸೇರಿದ ವಾಕ್ಯ ಇರುವುದು ಇಲ್ಲಿಯೇ: ಕಾನೂನು ಜಾರಿಗೆ ಬರುವ ಮೊದಲೇ ನೋಂದಣಿಯಾದ ಬಳಕೆಯ ವಕ್ಫ್‌ಗಳು ವಕ್ಫ್ ಆಗಿಯೇ ಉಳಿಯುತ್ತವೆ, ಆದರೆ ವಿವಾದದಲ್ಲಿರುವ ಜಾಗ ಮತ್ತು ಸರಕಾರಿ ಜಾಗ ಇದಕ್ಕೆ ಹೊರತು.

ಇದನ್ನು ನಮ್ಮ ಊರಿಗೆ ಅನ್ವಯಿಸಿ ನೋಡಿ. ಚಾರ್ಮಾಡಿಯ ಬುಡದ ಈ ಹಳ್ಳಿಗಳಲ್ಲಿ ಕುಮ್ಕಿ ಎಂದರೆ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ವರ್ಗ ಜಾಗದ ಸುತ್ತ ನಾವು ಸೊಪ್ಪು, ಕಟ್ಟಿಗೆ ತರುವ ಜಾಗ. ಅನುಭವಿಸುವವರು ನಾವು, ದಾಖಲೆಯಲ್ಲಿ ಒಡೆಯ ಸರಕಾರ. ಅಂಥ ಜಾಗಕ್ಕೆ ಮಸೀದಿಯ ಅಂಗಳವೋ ಖಬರಸ್ಥಾನದ ಒಂದು ಮೂಲೆಯೋ ಚಾಚಿಕೊಂಡಿದ್ದರೆ ಪಹಣಿಯಲ್ಲಿ ಏನು ಬರೆದಿದೆ ಎಂಬುದೇ ಈಗ ಪ್ರಶ್ನೆ. ಅಜ್ಜನ ಕಾಲದಿಂದ ಇದೆ ಎಂಬ ಒಂದೇ ಮಾತು ಸಾಲದು. ಹಾಗೆಯೇ, ಮುಸ್ಲಿಮೇತರರು ಮಸೀದಿಗೆ, ಖಬರಸ್ಥಾನಕ್ಕೆ ಕೊಟ್ಟ ಜಾಗ ಆ ವಕ್ಫಿಗೆ ಸೇರುತ್ತದೆ ಎನ್ನುತ್ತಿದ್ದ 104ನೇ ಸೆಕ್ಷನನ್ನೂ ತೆಗೆದಿದ್ದಾರೆ. ಊರಿನ ಗುತ್ತಿನವರು ಪಳ್ಳಿಗೆ ಜಾಗ ಬಿಟ್ಟುಕೊಟ್ಟರು ಎಂಬ ಮಾತು ನಮ್ಮ ಕರಾವಳಿಯಲ್ಲಿ ಆಗಾಗ ಕೇಳಿಬರುತ್ತದೆ. ಅಂಥ ಸೌಹಾರ್ದಕ್ಕೆ ಕಾನೂನು ಕೊಟ್ಟಿದ್ದ ಒಂದು ಸಣ್ಣ ಮನ್ನಣೆಯನ್ನು ಅಳಿಸಿಹಾಕಿದ್ದು ನಮಗೆ ಬಹಳ ನೋವು ತಂದಿದೆ.

ಇನ್ನೊಂದು ಬದಲಾವಣೆಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕಾಲಮಿತಿ ಕಾಯ್ದೆ ವಕ್ಫ್ ಜಾಗಗಳ ದಾವೆಗೆ ಅನ್ವಯಿಸುವುದಿಲ್ಲ ಎಂದಿದ್ದ ರಕ್ಷಣೆ ಹೋಗಿದೆ. ಬೇರೆ ಸ್ಥಿರಾಸ್ತಿಯಂತೆ ಇದಕ್ಕೂ 12 ವರ್ಷದ ಲೆಕ್ಕ ಬರುತ್ತದೆ. ಬೇಲಿಯನ್ನು ಪಕ್ಕದವರು ಎರಡು ಅಡಿ ಒಳಗೆ ಸರಿಸಿದಾಗ "ಇರಲಿ, ಮುಂದಿನ ಕಮಿಟಿ ನೋಡಿಕೊಳ್ಳುತ್ತದೆ" ಎಂದು ಬಿಡುವ ಕಾಲ ಮುಗಿಯಿತು.

ಸದನದಲ್ಲಿ ಮುಗಿದರೆ ಎಲ್ಲವೂ ಮುಗಿಯಲಿಲ್ಲ. ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 15ರಂದು ಮಧ್ಯಂತರ ಆದೇಶ ಕೊಟ್ಟಿತು. ವಕ್ಫ್ ಮಾಡುವವನು ಐದು ವರ್ಷ ಇಸ್ಲಾಮ್ ಪಾಲಿಸಿರಬೇಕು ಎಂಬ ಷರತ್ತಿಗೆ ತಡೆ ಬಿತ್ತು. ಜಾಗ ಸರಕಾರದ್ದೋ ವಕ್ಫೋ ಎಂದು ಸರಕಾರದ ಅಧಿಕಾರಿಯೇ ತೀರ್ಮಾನಿಸಿ ದಾಖಲೆ ತಿದ್ದಿಸುವ ಅವಕಾಶಕ್ಕೂ ತಡೆ ಬಿತ್ತು. ಕೇಂದ್ರ ವಕ್ಫ್ ಮಂಡಳಿಯ 22ರಲ್ಲಿ ಮುಸ್ಲಿಮೇತರರು ನಾಲ್ಕಕ್ಕಿಂತ, ರಾಜ್ಯ ಮಂಡಳಿಯ 11ರಲ್ಲಿ ಮೂರಕ್ಕಿಂತ ಹೆಚ್ಚು ಇರಬಾರದು ಎಂದಿತು. ಆದರೆ ನೋಂದಣಿಯ ನಿಯಮಕ್ಕೆ ತಡೆ ಕೊಡಲಿಲ್ಲ. ಜೂನ್ 6ರಂದು ತೆರೆದ ಉಮೀದ್ ಪೋರ್ಟಲಿನಲ್ಲಿ ವಿವರ ತುಂಬಲು ಇದ್ದದ್ದು ಆರು ತಿಂಗಳು. ಅವಧಿ ವಿಸ್ತರಿಸಿ ಎಂಬ ಬೇಡಿಕೆಯನ್ನು ಡಿಸೆಂಬರ್ 1ರಂದು ಕೋರ್ಟು ಒಪ್ಪದೆ, ಕಾರಣ ಇದ್ದವರು ವಕ್ಫ್ ನ್ಯಾಯಮಂಡಳಿಗೆ ಹೋಗಬಹುದು ಎಂದಿತು.

ಕಾಗದ ಕೇಳುವುದೇ ಇಸ್ಲಾಮಿನ ವಿರುದ್ಧ ಎಂದು ನಮ್ಮವರಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇವೆ. ಅದು ಸರಿಯಲ್ಲ. ಶಾಫಿಈ ಫಿಕ್ಹಿನಲ್ಲಿ ವಕ್ಫ್ ಸಿಂಧುವಾಗಲು ಸ್ಪಷ್ಟ ಮಾತು ಸಾಕು, ಕಾಗದ ಷರತ್ತಲ್ಲ, ನಿಜ. ಆದ್ದರಿಂದ ಕಾಗದ ಇಲ್ಲದ ಹಳೆಯ ಮಸೀದಿ ಅಲ್ಲಾಹನ ಬಳಿ ಮಸೀದಿಯೇ. ಆದರೆ ಕುರ್‌ಆನಿನ ಅತಿ ದೊಡ್ಡ ಆಯತ್ ಯಾವುದರ ಬಗ್ಗೆ? ಸೂರಃ ಅಲ್‌ಬಖರದ 282ನೆಯದ್ದು. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ.

ಖೈಬರಿನಲ್ಲಿ ತಮ್ಮ ಪಾಲಿಗೆ ಬಂದ ಉತ್ತಮ ಭೂಮಿಯನ್ನು ಏನು ಮಾಡಲಿ ಎಂದು ಉಮರ್(ರ) ಪ್ರವಾದಿ(ಸ)ರಲ್ಲಿ ಕೇಳಿದ್ದು ನಿಮಗೆಲ್ಲ ಗೊತ್ತು. ಮೂಲವನ್ನು ತಡೆದಿಟ್ಟು ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿ(ಸ) ತೋರಿಸಿದರು. ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರಿಗೆ ಹಂಚುವಂತಿಲ್ಲ. ನಾವು ಮಿಂಬರಿನಲ್ಲಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಅಬೂ ದಾವೂದ್ ಇನ್ನೂ ಮುಂದೆ ಹೋಗಿ ಆ ವಕ್ಫಿನ ಪತ್ರವನ್ನೇ ಉದ್ಧರಿಸಿದ್ದಾರೆ. ಬರೆದವರು ಮುಐಖೀಬ್(ರ). ಸಾಕ್ಷಿ ಅಬ್ದುಲ್ಲಾಹ್ ಇಬ್ನುಲ್ ಅರ್ಖಮ್(ರ). ನೋಡಿಕೊಳ್ಳುವವರು ಉಮರ್(ರ)ರ ಮಗಳು ಹಫ್ಸ(ರ), ಅವರು ಬದುಕಿರುವ ತನಕ. ಬಳಿಕ ಮನೆತನದಲ್ಲಿ ವಿವೇಕವಿರುವವರು. ಖಲೀಫರಾಗಿದ್ದವರ ವಕ್ಫಿಗೆ ಪತ್ರ, ಸಾಕ್ಷಿ, ಮುತವಲ್ಲಿ ಮೂರೂ ಬೇಕಾಗಿತ್ತು. ನಮ್ಮ ಎಷ್ಟೋ ಜಮಾಅತ್‌ಗಳಲ್ಲಿ ದಾನಪತ್ರ ಯಾವ ಮಾಜಿ ಅಧ್ಯಕ್ಷರ ಮನೆಯ ಕಪಾಟಿನಲ್ಲಿದೆ ಎಂದು ಹುಡುಕಬೇಕಾದ ಸ್ಥಿತಿ. ಕಾನೂನಿನ ಅನ್ಯಾಯದ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುವುದು ಒಂದು ಕೆಲಸ, ಇದು ಇನ್ನೊಂದು. ಒಂದನ್ನು ತೋರಿಸಿ ಇನ್ನೊಂದನ್ನು ಬಿಡುವಂತಿಲ್ಲ.

ನಮ್ಮ ಜಮಾಅತಿನವರಲ್ಲಿ ನಾವು ಹೇಳಿದ್ದು ಇಷ್ಟು. ಮಸೀದಿ, ಮದ್ರಸ, ಖಬರಸ್ಥಾನ, ಬಾಡಿಗೆಗೆ ಕೊಟ್ಟ ಅಂಗಡಿ ಇವೆಲ್ಲದರ ಈಗಿನ ಪಹಣಿ ತೆಗೆಸಿ. ದಾನಪತ್ರ, ವಕ್ಫ್ ಮಂಡಳಿಯ ಹಳೆಯ ನೋಂದಣಿ, ತೆರಿಗೆ ರಶೀದಿ, ಮಸೀದಿಯ ಹೆಸರಿನ ಹಳೆಯ ಕರೆಂಟ್ ಬಿಲ್ ಸಿಕ್ಕಿದ್ದನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ, ನಕಲು ಕಮಿಟಿಯ ಇಬ್ಬರ ಮನೆಯಲ್ಲಿರಲಿ. ಪೋರ್ಟಲಿಗೆ ಹಾಕಿದ್ದೇವೆ ಎನ್ನುವವರು ಅದು ಮಂಜೂರಾಗಿದೆಯೇ ಅಥವಾ ತಿದ್ದಲು ವಾಪಸ್ ಬಂದಿದೆಯೇ ಎಂದು ಮಂಗಳೂರಿನ ಜಿಲ್ಲಾ ವಕ್ಫ್ ಕಚೇರಿಯಲ್ಲಿ ವಿಚಾರಿಸಿ. ಹಾಕದೆ ಉಳಿದವರು ತಡವಾದದ್ದಕ್ಕೆ ಕಾರಣ ಬರೆದುಕೊಂಡು ವಕೀಲರ ಮೂಲಕ ನ್ಯಾಯಮಂಡಳಿಗೆ ಹೋಗುವ ದಾರಿ ಕೇಳಿ. ಖಬರಸ್ಥಾನಕ್ಕೆ ಮಸೀದಿಯದ್ದಲ್ಲದ ಬೇರೆ ಸರ್ವೆ ನಂಬರ್ ಇದ್ದರೆ ಅದನ್ನು ಬೇರೆಯಾಗಿಯೇ ಬರೆಯಿಸಿ. ಮಸೀದಿಯ ನಂಬರಿನಲ್ಲಿ ಅದೂ ಬಂತು ಎಂದುಕೊಂಡು ಬಿಟ್ಟುಬಿಡಬೇಡಿ.