ಶೀತಪೆಟ್ಟಿಗೆಯ ಅಡಿಯಲ್ಲಿ ನೀರು

ಆಟಿ ತಿಂಗಳ ಮಳೆ ಎಂತಹದೆಂಬುದನ್ನು ಸುಳ್ಯದ ಸೀಮೆಯಲ್ಲಿ ಒಂದು ವಾರ ಕಳೆದವರೇ ಬಲ್ಲರು. ಪಶ್ಚಿಮ ಘಟ್ಟದ ತಪ್ಪಲಲ್ಲಿ, ಅಡಕೆಯ ತೋಟಗಳ ನಡುವೆ ಹರಡಿಕೊಂಡಿರುವ ಮರ್ಕಂಜದಂತಹ ಹಳ್ಳಿಗಳಲ್ಲಿ ಆಗ ಒಗೆದ ಬಟ್ಟೆ ಆರುವುದಿಲ್ಲ, ಭರಣಿಯ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕದ ರಟ್ಟಿಗೆ ಬೂಸಲು ಹಿಡಿಯುತ್ತದೆ. ಅಂತಹ ಒಂದು ಬೆಳಗ್ಗೆ ಮನೆಯವರು ಅಡಿಗೆಮನೆಗೆ ಕಾಲಿಟ್ಟಾಗ ರೆಫ್ರಿಜರೇಟರ್ ಎಂಬ ಶೀತಪೆಟ್ಟಿಗೆಯ ಬುಡದಲ್ಲಿ ನೀರು ನಿಂತಿದೆ ಎಂದು ಭಾವಿಸೋಣ. ಒರೆಸಿದರೆ ಮರುದಿನ ಮತ್ತೆ ಅಷ್ಟೇ ನೀರು. ಬೇಸಗೆಯಲ್ಲಿ ಹನಿಯೂ ಸೋರದಿದ್ದ ಪೆಟ್ಟಿಗೆ ಮಳೆಗಾಲದಲ್ಲಿ ಹೀಗೇಕೆ ಸೋರಬೇಕು?

ಒಳಗಿನ ಗ್ಯಾಸು ಕರಗಿ ನೀರಾಗಿ ಹೊರಬಿದ್ದಿದೆ ಎನ್ನುವವರುಂಟು. ಇದು ತಪ್ಪು ತಿಳಿವಳಿಕೆ. ಶೀತಪೆಟ್ಟಿಗೆಯ ಕೊಳವೆಗಳಲ್ಲಿ ಸುತ್ತುವ ವಸ್ತು ಹೊರಗಿನ ಗಾಳಿಗೆ ಬಂದರೆ ಅನಿಲವಾಗಿ ಹಾರಿಹೋಗುವುದೇ ಹೊರತು ನೆಲದ ಮೇಲೆ ಮಡುಗಟ್ಟಿ ನಿಲ್ಲುವುದಿಲ್ಲ. ಈ ತಪ್ಪು ಕಲ್ಪನೆಯಿಂದ ಬೇಡದ ದುರಸ್ತಿಗೆ ಹಣ ತೆರುವುದಕ್ಕೆ ಮೊದಲು, ಆ ನೀರಿನ ಹುಟ್ಟನ್ನು ವಿಚಾರಿಸುವುದು ಲೇಸು.

ನೀರು ಬಂದುದೆಲ್ಲಿಂದ?

ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಪ್ರಯೋಗವಿದೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ ತಣ್ಣೀರಿನ ಶೀಸೆಯೊಂದನ್ನು ಶೀತಪೆಟ್ಟಿಗೆಯಿಂದ ಹೊರತೆಗೆದು, ಚೆನ್ನಾಗಿ ಒರೆಸಿ, ಒಡನೆಯೇ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿರಿ. ಹತ್ತು ನಿಮಿಷಗಳಲ್ಲಿ ಶೀಸೆಯ ಮೈಯೆಲ್ಲ ಬೆವರುತ್ತದೆ. ಮತ್ತೊಮ್ಮೆ ತೂಗಿದರೆ ತೂಕ ಹೆಚ್ಚಿರುತ್ತದೆ. ಒಳಗಿನ ನೀರು ಜಿನುಗಿ ಹೊರಬಂದಿದ್ದರೆ ತೂಕ ಹೆಚ್ಚಬೇಕಾಗಿರಲಿಲ್ಲ. ಆದುದರಿಂದ ಆ ಹನಿಗಳು ಹೊರಗಿನ ಗಾಳಿಯಿಂದಲೇ ಬಂದುವೆಂಬುದು ಸಿದ್ಧವಾಯಿತು. ಇರುಳಿನಲ್ಲಿ ತಣಿದ ಹುಲ್ಲಿನ ಮೇಲೆ ಇಬ್ಬನಿ ಕೂಡುವುದೂ ಇದೇ ರೀತಿಯಲ್ಲಿ. ವಿಲಿಯಂ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿಶದಪಡಿಸಿದನು.

ಬಿಸಿ ಗಾಳಿಯಲ್ಲಿ ಹೆಚ್ಚು ನೀರಾವಿ ಇರಬಲ್ಲದು, ತಣ್ಣನೆಯ ಗಾಳಿಯಲ್ಲಿ ಕಡಮೆ. 27 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 26 ಗ್ರಾಮು ಆವಿಯನ್ನು ಹೊರಬಲ್ಲದು. 5 ಡಿಗ್ರಿಯಲ್ಲಿ ಸುಮಾರು 7 ಗ್ರಾಮನ್ನು ಮಾತ್ರ. ಮಳೆಗಾಲದ ಮರ್ಕಂಜದಲ್ಲಿ ಆರ್ದ್ರತೆ ಸೇಕಡ 90 ಎಂದಿಟ್ಟುಕೊಂಡರೆ, ಪ್ರತಿ ಘನಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಮು ಆವಿಯಿರುತ್ತದೆ. ಶೀತಪೆಟ್ಟಿಗೆಯೊಳಗೆ ನುಗ್ಗಿ ತಣಿದಾಗ ಅದರಲ್ಲಿ ಸುಮಾರು 16 ಗ್ರಾಮು ನೀರಾಗಿಯೋ ಹಿಮವಾಗಿಯೋ ಬೇರ್ಪಡಲೇಬೇಕು. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಉಷ್ಣತೆ 38 ಡಿಗ್ರಿ, ಆರ್ದ್ರತೆ ಸೇಕಡ 20 ಎಂದು ಲೆಕ್ಕ ಹಾಕಿ ನೋಡಿ: ಬೇರ್ಪಡುವ ನೀರು ಎರಡೂವರೆ ಗ್ರಾಮನ್ನೂ ಮುಟ್ಟುವುದಿಲ್ಲ. ಸುಡುವ ಬಿಸಿಲಿನ ಊರಿಗಿಂತ ತಂಪಾದ ಮಳೆಯ ಊರಿನ ಶೀತಪೆಟ್ಟಿಗೆ ಸುಮಾರು ಏಳು ಪಾಲು ಹೆಚ್ಚು ನೀರನ್ನು ಗಾಳಿಯಿಂದ ಹಿಂಡುತ್ತದೆ!

200 ಲೀಟರ್ ಪೆಟ್ಟಿಗೆಯ ಬಾಗಿಲನ್ನು ದಿನಕ್ಕೆ 30 ಸಲ ತೆರೆದು, ಪ್ರತಿಸಲವೂ ಒಳಗಿನ ಅರ್ಧದಷ್ಟು ಗಾಳಿ ಬದಲಾದರೆ, ದಿನಕ್ಕೆ 50 ಗ್ರಾಮು, ವಾರಕ್ಕೆ 350 ಗ್ರಾಮು ನೀರು ಕೂಡುತ್ತದೆ. ತರಕಾರಿಯ ಮತ್ತು ಮುಚ್ಚದೆ ಇಟ್ಟ ಸಾರಿನ ಆವಿ ಬೇರೆ.

ನೀರು ಹೊರಹೋಗುವ ದಾರಿ

ಇಷ್ಟು ನೀರಿಗೆ ದಾರಿಯನ್ನು ಯಂತ್ರ ನಿರ್ಮಿಸಿದವರು ಮೊದಲೇ ಕಲ್ಪಿಸಿದ್ದಾರೆ. ತಣ್ಣನೆಯ ಕೊಳವೆಗಳ ಮೇಲೆ ಕಟ್ಟಿದ ಹಿಮವನ್ನು ಆಗಾಗ ಕರಗಿಸಬೇಕು. ಕೆಲವು ಮಾದರಿಗಳಲ್ಲಿ ನಾವೇ ಗುಂಡಿಯನ್ನೊತ್ತಬೇಕು. ಇನ್ನು ಕೆಲವುಗಳಲ್ಲಿ ಒಳಗಿನ ಪುಟ್ಟ ಕಾವಲಿ ತಾನಾಗಿಯೇ ಕೆಲಹೊತ್ತು ಕಾಯುತ್ತದೆ. ಕರಗಿದ ನೀರು ಸಣ್ಣ ದೋಣಿಗೆ ಇಳಿದು, ಬೆರಳು ಹಿಡಿಸದಷ್ಟು ಚಿಕ್ಕ ರಂಧ್ರದ ಮೂಲಕ ಹಿಂಬದಿಯ ತಟ್ಟೆಗೆ ಬೀಳುತ್ತದೆ. ತಟ್ಟೆ ಸಾಮಾನ್ಯವಾಗಿ ಕಂಪ್ರೆಸರಿನ ಮೇಲೆಯೇ ಕುಳಿತಿರುತ್ತದೆ. ಕಂಪ್ರೆಸರಿನ ಬಿಸಿಗೆ ನೀರು ಆವಿಯಾಗಿ ಮರಳಿ ಗಾಳಿಯನ್ನು ಸೇರುತ್ತದೆ. ಗಾಳಿಯಿಂದ ಪಡೆದುದನ್ನು ಗಾಳಿಗೇ ಒಪ್ಪಿಸುವ ಏರ್ಪಾಡು ಇದು.

ಮಳೆಗಾಲದಲ್ಲಿ ಈ ಏರ್ಪಾಡಿಗೆ ಎರಡು ಕಡೆಯಿಂದಲೂ ಪೆಟ್ಟು. ಒಳಗೆ ಬರುವ ನೀರು ಹೆಚ್ಚು. ಆದರೆ ಹೊರಗಿನ ಗಾಳಿ ಆವಿಯಿಂದ ತುಂಬಿರುವುದರಿಂದ ತಟ್ಟೆಯ ನೀರು ಆರುವುದು ನಿಧಾನ. ಬಟ್ಟೆ ಆರದ ಕಾರಣವೇ ತಟ್ಟೆ ತುಂಬಿ ತುಳುಕುವುದಕ್ಕೂ ಕಾರಣ. ಇದರ ಮೇಲೆ, ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು ಒಂದು ದಿನ ವಿದ್ಯುತ್ತು ನಿಂತರೆ, ಕಟ್ಟಿದ್ದ ಹಿಮವೆಲ್ಲ ಒಮ್ಮೆಗೇ ಕರಗಿ ಇಳಿಯುತ್ತದೆ.

ಸರಿಪಡಿಸುವ ಬಗೆ

ನೀರು ನಿಂತ ಜಾಗವೇ ದೋಷವನ್ನು ಹೇಳುತ್ತದೆ. ಒಳಗೆ, ತರಕಾರಿ ಪೆಟ್ಟಿಗೆಯ ಕೆಳಗೆ ನೀರಿದ್ದರೆ ರಂಧ್ರ ಕಟ್ಟಿಕೊಂಡಿದೆ. ಹಿಂಬದಿಯ ನೆಲದಲ್ಲಿದ್ದರೆ ತಟ್ಟೆ ತುಂಬಿದೆ, ಸೀಳಿದೆ ಅಥವಾ ಜರುಗಿದೆ. ಬಾಗಿಲಂಚಿನಲ್ಲಿ ತೊಟ್ಟಿಕ್ಕುತ್ತಿದ್ದರೆ ರಬ್ಬರಿನ ಪಟ್ಟಿ ಬಿಗಿಯಾಗಿ ಕೂರುತ್ತಿಲ್ಲ: ಕಾಗದದ ಚೂರೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಹೊರಮೈ ಮಾತ್ರ ಬೆವರಿದರೆ ಅದು ಸಾಮಾನ್ಯವಾಗಿ ದೋಷವೇ ಅಲ್ಲ; ಗೋಡೆಯಿಂದ ತುಸು ದೂರ ಸರಿಸಿದರೆ ಗಾಳಿಯಾಡಿ ಕಡಮೆಯಾಗುವುದು.

ಕೈಹಾಕುವ ಮೊದಲು ಒಂದು ಎಚ್ಚರಿಕೆ. ನೀರು ನಿಂತ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಶೀತಪೆಟ್ಟಿಗೆಯನ್ನು ಮುಟ್ಟಬಾರದು. ಒದ್ದೆಯಾದ ನೆಲ, ಒದ್ದೆಯಾದ ಕೈ, ವಿದ್ಯುತ್ತು, ಈ ಮೂರೂ ಸೇರಿದರೆ ಪ್ರಾಣಕ್ಕೇ ಅಪಾಯ. ಒಣಗಿದ ನೆಲದಲ್ಲಿ ನಿಂತು ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ, ಆ ಬಳಿಕವೇ ಪ್ಲಗ್ಗನ್ನು ಕೀಳಬೇಕು.

ಅನಂತರ ಒಳಗಿನ ಪದಾರ್ಥಗಳನ್ನು ತೆಗೆದು, ಬಾಗಿಲನ್ನು ತೆರೆದಿಟ್ಟು, ಹಿಮ ತಾನಾಗಿ ಕರಗುವವರೆಗೂ ಕಾಯಬೇಕು. ಅವಸರದಿಂದ ಚೂರಿಯಲ್ಲಿ ಕೆತ್ತಿದರೆ ತೆಳುವಾದ ಕೊಳವೆ ತೂತಾಗಿ, ಇಲ್ಲದಿದ್ದ ಗ್ಯಾಸಿನ ಸೋರಿಕೆ ನಿಜವಾಗಿಯೇ ಒದಗುತ್ತದೆ. ಇಂದಿನ ಅನೇಕ ಶೀತಪೆಟ್ಟಿಗೆಗಳಲ್ಲಿರುವ ಐಸೊಬ್ಯುಟೇನ್ ಉರಿಯುವ ಅನಿಲವೆಂಬುದನ್ನೂ ನೆನಪಿಡಬೇಕು. ಬಳಿಕ ಸೂಜಿಯಿಲ್ಲದ ಪಿಚಕಾರಿಯಿಂದ ಉಗುರುಬೆಚ್ಚಗಿನ ನೀರನ್ನು ರಂಧ್ರಕ್ಕೆ ಮೆಲ್ಲಗೆ ಹಾಯಿಸಿರಿ. ಕಸ ಬಿಡದಿದ್ದರೆ ತೆಂಗಿನ ಗರಿಯ ಹಸಿ ಕಡ್ಡಿಯ ದಪ್ಪ ತುದಿಯನ್ನು ಸ್ವಲ್ಪ ಆಡಿಸಬಹುದು. ಅದು ಬಾಗುತ್ತದೆ, ಕಬ್ಬಿಣದ ತಂತಿಯಂತೆ ಚುಚ್ಚುವುದಿಲ್ಲ. ಕೊನೆಗೆ ಒಂದು ಲೋಟ ನೀರನ್ನು ಸುರಿದು ಅದು ಹಿಂದಿನ ತಟ್ಟೆಗೆ ಬಂದುದನ್ನು ಕಣ್ಣಾರೆ ನೋಡಬೇಕು. ನೀರು ಬಂದರೆ ದಾರಿ ತೆರೆದಂತೆ. ಹಿಮವನ್ನು ತಾನೇ ಕರಗಿಸಿಕೊಳ್ಳುವ ಮಾದರಿಗಳಲ್ಲಿ ರಂಧ್ರವು ಹಲಗೆಯ ಹಿಂದೆ ಅಡಗಿರುತ್ತದೆ. ಅಲ್ಲಿ ಮತ್ತೆ ಮತ್ತೆ ಹಿಮ ಕಟ್ಟಿದರೆ ಕಾವಲಿಯೇ ಕೆಟ್ಟಿರಬಹುದು. ಅದು ನುರಿತ ಕೆಲಸಗಾರನ ಕೆಲಸ.

ತಟ್ಟೆಯ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಅಲುಗದೆ ನಿಂತ ನೀರು ಬಲು ಇಷ್ಟ. ಕಣ್ಣಿಗೆ ಬೀಳದ ಈ ತಟ್ಟೆಯೂ ಅದರ ತೊಟ್ಟಿಲಾಗಬಲ್ಲದು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿ, ನೀರಾರಿದರೂ ತಿಂಗಳುಗಟ್ಟಲೆ ಬದುಕಿರಬಲ್ಲವು. ಆದುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ತಟ್ಟೆಯನ್ನು ಬರಿದು ಮಾಡಿ ಅಂಚನ್ನು ಉಜ್ಜಿ ತೊಳೆಯಬೇಕು. ತಟ್ಟೆಯನ್ನು ಹೊರತೆಗೆಯಲಾಗದಿದ್ದರೆ, ಪ್ಲಗ್ಗು ಕಿತ್ತು ಕಂಪ್ರೆಸರು ಆರಿದ ಮೇಲೆ, ಬಟ್ಟೆಯಿಂದ ನೀರನ್ನು ಹೀರಿಸಿ ಒರೆಸಬೇಕು.

ಹೀಗೆ, ಸೋರುತ್ತಿರುವ ಶೀತಪೆಟ್ಟಿಗೆ ಬಹುಮಟ್ಟಿಗೆ ಕೆಟ್ಟ ಯಂತ್ರವಲ್ಲ. ಹೊರಗೆ ತೋಟದ ಮೇಲೆ ಸುರಿಯುವ ಮಳೆ ಯಾವ ಆವಿಯಿಂದ ಹುಟ್ಟಿತೋ, ಅದೇ ಆವಿಯ ಚಿಕ್ಕದೊಂದು ಪಾಲು ಅಡಿಗೆಮನೆಯ ನೆಲದಲ್ಲಿ ನಿಂತಿದೆ. ಅದಕ್ಕೆ ಬೇಕಾದುದು ತೆರೆದ ದಾರಿ ಮಾತ್ರ.